ಪವಿತ್ರ ದ್ವಾರ ಮುಚ್ಚಿದೆ, ಸಾಲದ ಪುಸ್ತಕ ಇನ್ನೂ ತೆರೆದೇ ಇದೆ

ಮಾನ್ಯ ಸಂಪಾದಕರೇ,

ರೋಮ್‌ನ ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರವನ್ನು, ಅಂದರೆ ಜೂಬಿಲಿ ವರ್ಷದಲ್ಲಷ್ಟೇ ತೆರೆಯುವ ಬಾಗಿಲನ್ನು, ಪೋಪ್ 14ನೇ ಲಿಯೋ ಅವರು 2026ರ ಜನವರಿ 6ರಂದು ಮುಚ್ಚಿದರು. ಅಲ್ಲಿಗೆ 2025ರ ಜೂಬಿಲಿ ವರ್ಷ, ಅಂದರೆ ಕಥೋಲಿಕರ ಪವಿತ್ರ ವರ್ಷ, ಮುಗಿಯಿತು. 3 ಕೋಟಿ 30 ಲಕ್ಷಕ್ಕೂ ಜಾಸ್ತಿ ಯಾತ್ರಿಕರು ಬಂದಿದ್ದರು ಅಂತ ವ್ಯಾಟಿಕನ್ ಲೆಕ್ಕ ಕೊಟ್ಟಿತು, ಎಲ್ಲ ಕಡೆ ಅದೇ ಸುದ್ದಿಯಾಯಿತು. ಸಂತೋಷದ ವಿಷಯವೇ. ಆದರೆ ನಮ್ಮ ಕಥೋಲಿಕರಲ್ಲೇ ತುಂಬ ಜನಕ್ಕೆ ಜೂಬಿಲಿ ಅಂದರೆ ರೋಮ್ ಪ್ರವಾಸ, ಆ ಬಾಗಿಲು ದಾಟುವುದು, ಒಂದು ಫೋಟೊ, ಅಷ್ಟೇ ಆಗಿ ಉಳಿದಿದೆ. ಲಕ್ಷಗಟ್ಟಲೆ ಖರ್ಚು ಮಾಡಿ ಹೋಗಲು ಆಗದವರು "ನಮಗೆಲ್ಲಿ ಆ ಭಾಗ್ಯ" ಅಂದುಕೊಂಡು ಸುಮ್ಮನಾದರು.

ಈಗ ತಪಸ್ಸು ಕಾಲ, ಅಂದರೆ ಈಸ್ಟರ್‌ಗೆ ಮುಂಚಿನ 40 ದಿನಗಳ ಉಪವಾಸದ ಕಾಲ, ನಡೆಯುತ್ತಿದೆ. ಅದರ ಮೊದಲ ದಿನವಾದ ವಿಭೂತಿ ಬುಧವಾರ ಫೆಬ್ರುವರಿ 18ರಂದು ಆಯಿತು, ಏಪ್ರಿಲ್ 5ಕ್ಕೆ ಈಸ್ಟರ್. ಜೂಬಿಲಿ ಮುಗಿಯಿತು, ಇನ್ನು ಉಪವಾಸ ಮಾಡಿದರೆ ಸಾಕು ಅಂತ ಎರಡನ್ನೂ ಬೇರೆ ಬೇರೆ ಇಟ್ಟು ನೋಡುತ್ತಿದ್ದೇವೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಜೂಬಿಲಿಯ ಬೇರು ಇರುವುದು ಸಾಲ ಬಿಡುವುದರಲ್ಲಿ, ಒತ್ತೆ ಇಟ್ಟದ್ದನ್ನು ಹಿಂದಿರುಗಿಸುವುದರಲ್ಲಿ, ಕಟ್ಟಿಹಾಕಿದವರನ್ನು ಬಿಡಿಸುವುದರಲ್ಲಿ. ಯಾತ್ರೆ ಮಾಡಿದೆವು, ಪಾಪನಿವೇದನೆ ಮಾಡಿದೆವು, ದೇವಾಲಯಕ್ಕೆಲ್ಲ ದೀಪದ ಅಲಂಕಾರ ಮಾಡಿದೆವು. ಸಾಲ ಮಾತ್ರ ಯಾರೂ ಬಿಡಲಿಲ್ಲ. ಈ 40 ದಿನಗಳಲ್ಲಾದರೂ ಅದನ್ನು ಮಾಡೋಣ ಅಂತ ಕೇಳಿಕೊಳ್ಳಲು ಈ ಪತ್ರ.

ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಏಳು ವರ್ಷದ ಏಳು ಸುತ್ತು, 49 ವರ್ಷ. ಅದಾದ ಮೇಲೆ 50ನೇ ವರ್ಷ ಜೂಬಿಲಿ. ಬಡತನಕ್ಕೆ ಹೊಲ ಮಾರಿಕೊಂಡವನ ಹೊಲ ಅವನ ಮನೆತನಕ್ಕೇ ವಾಪಸ್ಸು ಹೋಗಬೇಕು. ತಿನ್ನೋಕೆ ಗತಿಯಿಲ್ಲದೆ ತನ್ನನ್ನೇ ಜೀತಕ್ಕೆ ಮಾರಿಕೊಂಡವನು ಹೆಂಡತಿ ಮಕ್ಕಳ ಸಮೇತ ಮನೆಗೆ ಹೋಗಬೇಕು. ಭೂಮಿಗೂ ಆ ವರ್ಷ ರಜೆ, ಬಿತ್ತುವ ಹಾಗಿಲ್ಲ. ಇದು ಬರೀ ಒಳ್ಳೆಯ ಮಾತಾಗಿ ಅಲ್ಲಿಲ್ಲ, ಲೆಕ್ಕಾಚಾರದ ಸಮೇತ ಇದೆ. ಹೊಲ ಕೊಳ್ಳುವಾಗ ಮುಂದಿನ ಜೂಬಿಲಿಗೆ ಎಷ್ಟು ವರ್ಷ ಬಾಕಿ ಇದೆ ಅಂತ ನೋಡಿ, ಅಷ್ಟು ಬೆಳೆಗೆ ಮಾತ್ರ ಬೆಲೆ ಕಟ್ಟಬೇಕು. ವರ್ಷ ಜಾಸ್ತಿ ಇದ್ದರೆ ಬೆಲೆ ಜಾಸ್ತಿ, ಕಮ್ಮಿ ಇದ್ದರೆ ಕಮ್ಮಿ. ಭೂಮಿ ನನ್ನದು, ನೀವೆಲ್ಲ ಬಂದು ತಂಗಿದವರು ಅಂತ ದೇವರು ಅಲ್ಲೇ ಹೇಳುತ್ತಾರೆ. ಅದೇ ಅಧ್ಯಾಯದಲ್ಲಿ, ನಿನ್ನ ಸಹೋದರ ಕೈಸೋತಾಗ ಅವನಿಂದ ಬಡ್ಡಿ ತೆಗೆದುಕೊಳ್ಳಬೇಡ ಅಂತಲೂ ಇದೆ.

ಇನ್ನೊಂದು ಸಂಗತಿ ಇದೆ, ಹೆಚ್ಚಿನವರು ಗಮನಿಸುವುದಿಲ್ಲ. ಜೂಬಿಲಿಯ ಕೊಂಬು ಊದಬೇಕಾದ ದಿನ ಯಾವುದು ಗೊತ್ತಾ? ವರ್ಷದ ಮೊದಲ ದಿನವೂ ಅಲ್ಲ, ಸುಗ್ಗಿಯ ದಿನವೂ ಅಲ್ಲ. ಏಳನೇ ತಿಂಗಳ ಹತ್ತನೇ ದಿನ. ಅದು ಪಾಪ ಪರಿಹಾರದ ದಿನ, ಇಡೀ ಜನಾಂಗ ಉಪವಾಸ ಕೂತಿರುವ ದಿನ. ಹೊಟ್ಟೆ ಹಸಿದಿರುವ ಹೊತ್ತಿನಲ್ಲೇ ಸಾಲಗಾರನ ಬಿಡುಗಡೆಯ ಕೊಂಬು ಕೇಳಬೇಕು ಅಂತ ಆ ಕಾನೂನು ಬರೆದವರು ಯೋಚಿಸಿಯೇ ಇಟ್ಟಿದ್ದಾರೆ ಅಂತ ನಾನು ನಂಬುತ್ತೇನೆ. ಊಟ ಮಾಡಿ ತೇಗುತ್ತಾ ಕೂತವನಿಗೆ ಸಾಲ ಮಾಡಿದವನ ಮನೆ ನೆನಪಾಗುವುದು ಕಷ್ಟ, ಅಲ್ವಾ?

ಯೇಸುಸ್ವಾಮಿ ಮಾಡಿದ್ದೂ ಇದೇ ಕ್ರಮದಲ್ಲಿ. ಲೂಕನ ಸುವಾರ್ತೆಯ 4ನೇ ಅಧ್ಯಾಯ ತೆಗೆಯಿರಿ. ಮೊದಲ ಭಾಗ ಮರಳುಗಾಡಿನಲ್ಲಿ 40 ದಿನದ ಉಪವಾಸ, ಸೈತಾನನ ಶೋಧನೆ. ನಮ್ಮ ತಪಸ್ಸು ಕಾಲಕ್ಕೆ ಆಧಾರವೇ ಅದು. ಅದರ ಬೆನ್ನಿಗೇ ನಜರೇತ್ ಊರಿನ ಪ್ರಾರ್ಥನಾ ಮಂದಿರದ ಪ್ರಸಂಗ ಬರುತ್ತದೆ. ಬೆಳೆದ ಊರಿಗೆ ಬರುತ್ತಾರೆ, ಸಬ್ಬತ್ ದಿನ ಓದೋಕೆ ನಿಲ್ಲುತ್ತಾರೆ, ಕೈಗೆ ಪ್ರವಾದಿ ಯೆಶಾಯನ ಗ್ರಂಥದ ಸುರುಳಿ ಕೊಡುತ್ತಾರೆ. ಬಡವರಿಗೆ ಶುಭಸಂದೇಶ, ಸೆರೆಯಲ್ಲಿರುವವರಿಗೆ ಬಿಡುಗಡೆ, ಕುರುಡರಿಗೆ ದೃಷ್ಟಿ, ತುಳಿತಕ್ಕೆ ಒಳಗಾದವರಿಗೆ ಸ್ವಾತಂತ್ರ್ಯ, ಪ್ರಭುವಿನ ಕೃಪೆಯ ವರ್ಷ. ಓದಿ, ಸುರುಳಿ ಸುತ್ತಿ ಕೊಟ್ಟು, ಕೂತುಕೊಂಡು, ಇದು ಇವತ್ತೇ ನೆರವೇರಿತು ಅನ್ನುತ್ತಾರೆ. ಉಪವಾಸ ಮುಗಿಸಿ ಬಂದವರ ಬಾಯಲ್ಲಿ ಬಂದ ಮಾತು ಜೂಬಿಲಿಯ ಮಾತು.

ಅಲ್ಲಿಗೆ ಕಥೆ ಮುಗಿಯುವುದಿಲ್ಲ. ಊರಿನವರು ಮೊದಲು ಮೆಚ್ಚಿಕೊಳ್ಳುತ್ತಾರೆ. ಆಮೇಲೆ ಯೇಸು, ಹಿಂದಿನ ಪ್ರವಾದಿ ಎಲೀಯನ ಕಾಲದ ಬರಗಾಲದಲ್ಲಿ ದೇವರ ನೆರವು ಸಿಕ್ಕಿದ್ದು ಹೊರಗಿನ ಒಬ್ಬ ವಿಧವೆಗೆ, ಎಲೀಷನ ಕಾಲದಲ್ಲಿ ಕುಷ್ಠ ವಾಸಿಯಾಗಿದ್ದು ಸಿರಿಯಾದ ನಾಮಾನನಿಗೆ ಅಂತ ನೆನಪಿಸುತ್ತಾರೆ. ಬಿಡುಗಡೆ ನಮ್ಮವರಿಗಷ್ಟೇ ಸೀಮಿತ ಅಲ್ಲ ಅಂತ ಗೊತ್ತಾದ ಕೂಡಲೇ ಅದೇ ಜನ ರೇಗಿ, ಅವರನ್ನು ಗುಡ್ಡದ ಅಂಚಿಗೆ ತಳ್ಳಿಕೊಂಡು ಹೋಗುತ್ತಾರೆ. ಜೂಬಿಲಿಯ ಮಾತು ಕೇಳೋಕೆ ಚೆಂದ, ಅದು ನಮ್ಮ ಲೆಕ್ಕದ ಪುಸ್ತಕಕ್ಕೆ ಬಂದಾಗ, ನಮ್ಮವರಲ್ಲದವರಿಗೂ ಸಲ್ಲುತ್ತದೆ ಅಂದಾಗ ಎಷ್ಟು ಕಷ್ಟ ಅನ್ನುವುದನ್ನು ಆ ಒಂದು ಪುಟದಲ್ಲಿ ಲೂಕ ತೋರಿಸಿಬಿಟ್ಟಿದ್ದಾನೆ.

ರೋಮ್‌ನ ಜೂಬಿಲಿ ಶುರುವಾಗಿದ್ದು 1300ರಲ್ಲಿ, ಪೋಪ್ 8ನೇ ಬೋನಿಫಾಸ್ ಕಾಲದಲ್ಲಿ. ಮೊದಲು ನೂರು ವರ್ಷಕ್ಕೊಮ್ಮೆ ಅಂತಿತ್ತು, ಆಮೇಲೆ 50 ಆಯಿತು, 1475ರಿಂದ ಸಾಮಾನ್ಯವಾಗಿ 25 ವರ್ಷಕ್ಕೊಮ್ಮೆ ನಡೆದುಕೊಂಡು ಬಂದಿದೆ. ಆ ಮೊದಲ ಜೂಬಿಲಿಯಲ್ಲಿ ರೋಮ್‌ನವರು ಪೇತ್ರ ಮತ್ತು ಪೌಲರ ದೇವಾಲಯಗಳಿಗೆ 30 ದಿನ ಹೋಗಬೇಕು, ಹೊರಗಿನಿಂದ ಬಂದವರು 15 ದಿನ ಹೋದರೆ ಸಾಕು ಅಂತ ನಿಯಮ ಇತ್ತು. ನಡೆದು ಬಂದವರ ಆಯಾಸಕ್ಕೆ ಅಷ್ಟು ಬೆಲೆ ಕೊಟ್ಟಿದ್ದರು. ಕೆಟ್ಟ ಕಾಲವೂ ಬಂತು. ಜೂಬಿಲಿಯಲ್ಲಿ ಯಾತ್ರಿಕರಿಗೆ ಸಿಗುವ ಪಾಪದಂಡದ ವಿನಾಯಿತಿಯನ್ನು, ಅಂದರೆ ಪಾಪಕ್ಕೆ ಅನುಭವಿಸಬೇಕಾದ ಶಿಕ್ಷೆಯ ಮನ್ನಾವನ್ನು, ದುಡ್ಡಿಗೆ ಮಾರಿದರು, 1517ರಲ್ಲಿ ಮಾರ್ಟಿನ್ ಲೂಥರ್ ಅದನ್ನು ಪ್ರಶ್ನಿಸಿದರು, ಕೊನೆಗೆ 1567ರಲ್ಲಿ ಪೋಪ್ 5ನೇ ಪಿಯೂಸ್ ದುಡ್ಡಿನ ವ್ಯವಹಾರ ಇರುವ ವಿನಾಯಿತಿಗಳನ್ನೆಲ್ಲ ರದ್ದು ಮಾಡಿದರು. ಸಾಲ ಬಿಡಿಸಬೇಕಾದ ಹಬ್ಬವೇ ವಸೂಲಿಯ ದಾರಿಯಾಗಿತ್ತು ಅನ್ನುವುದನ್ನು ನಾವು ಮರೆಮಾಚಬಾರದು.

ಆದರೆ ಅದೇ ಕಾಲದಲ್ಲಿ ಬೇರೆ ರೀತಿಯವರೂ ಇದ್ದರು. ಸಂತ ಫಿಲಿಪ್ ನೇರಿ 1548ರಲ್ಲಿ ರೋಮ್‌ನಲ್ಲಿ ಒಂದು ಭಕ್ತ ಮಂಡಳಿ ಕಟ್ಟಿದರು. 1550ರ ಜೂಬಿಲಿಗೆ ಸಾವಿರಾರು ಬಡ ಯಾತ್ರಿಕರು ನಡೆದು ಬಂದಾಗ ಅವರಿಗೆ ಇರೋಕೆ ಜಾಗ, ಊಟ ಕೊಟ್ಟಿದ್ದು ಈ ಮಂಡಳಿ. ಬೊಬ್ಬೆ ಎದ್ದ, ಮಣ್ಣು ಮೆತ್ತಿದ ಕಾಲುಗಳನ್ನು ಬಿಸಿನೀರಿನಲ್ಲಿ ತೊಳೆಯುವುದು ಅಲ್ಲಿನ ಕೆಲಸ. ಶ್ರೀಮಂತ ಮನೆತನದವರು, ಕಾರ್ಡಿನಲ್‌ಗಳು ಕೂಡ ಆಮೇಲಾಮೇಲೆ ಬಂದು ಮೊಣಕಾಲೂರಿ ಆ ಕೆಲಸ ಮಾಡಿದರು. ಯಾತ್ರೆ ಹೋಗುವವನಷ್ಟೇ ಯಾತ್ರಿಕ ಅಂತ ನಾವು ಅಂದುಕೊಳ್ಳುತ್ತೇವೆ. ಊರಲ್ಲೇ ಇದ್ದು ಬಂದವರ ಕಾಲು ತೊಳೆದವರಿಗೂ ಆ ಜೂಬಿಲಿ ಅಷ್ಟೇ ಸಿಕ್ಕಿತು ಅನ್ನೋದು ನನ್ನ ನಂಬಿಕೆ.

ಹಿಂದಿನ ಪೋಪ್ ಫ್ರಾನ್ಸಿಸ್ ಇದನ್ನು ಚೆನ್ನಾಗಿ ಅರಿತಿದ್ದರು. 2015ರಲ್ಲಿ ಕರುಣೆಯ ವಿಶೇಷ ಜೂಬಿಲಿ ಮಾಡಿದಾಗ ಅವರು ಮೊದಲ ಪವಿತ್ರ ದ್ವಾರ ತೆರೆದಿದ್ದು ರೋಮ್‌ನಲ್ಲಿ ಅಲ್ಲ. ಅಂತರ್ಯುದ್ಧದಲ್ಲಿ ನಲುಗಿದ್ದ ಮಧ್ಯ ಆಫ್ರಿಕಾ ಗಣರಾಜ್ಯದ ಬಾಂಗಿ ನಗರದಲ್ಲಿ, ನವೆಂಬರ್ 29ರಂದು. ರೋಮ್‌ನದ್ದು ತೆರೆದಿದ್ದು ಅದಾದ ಮೇಲೆ, ಡಿಸೆಂಬರ್ 8ಕ್ಕೆ. 2024ರ ಡಿಸೆಂಬರ್ 24ರ ರಾತ್ರಿ ಸಂತ ಪೇತ್ರರ ಮಹಾದೇವಾಲಯದ ದ್ವಾರ ತೆರೆದ ಎರಡೇ ದಿನಕ್ಕೆ ರೋಮ್‌ನ ರೆಬಿಬ್ಬಿಯಾ ಜೈಲಿಗೆ ಹೋದರು. ಗಾಲಿಕುರ್ಚಿಯಿಂದ ಎದ್ದು, ಜೈಲಿನ ಚಾಪೆಲ್ ಬಾಗಿಲು ತಟ್ಟಿ, ನಡೆದುಕೊಂಡೇ ಒಳಗೆ ಹೋದರು. ಎರಡನೆಯ ಪವಿತ್ರ ದ್ವಾರ ಇಲ್ಲೇ, ಜೈಲಿನಲ್ಲೇ ಇರಬೇಕು ಅಂತ ಬಯಸಿದೆ ಅಂತ ಕೈದಿಗಳಿಗೆ ಹೇಳಿದರು.

ಅವರ ಕೊನೆಯ ತಪಸ್ಸು ಕಾಲವನ್ನೂ ನೆನೆಸಿಕೊಳ್ಳಿ. 2025ರ ಫೆಬ್ರುವರಿ 14ಕ್ಕೆ ಜೆಮೆಲ್ಲಿ ಆಸ್ಪತ್ರೆ ಸೇರಿದವರು ಮಾರ್ಚ್ 23ರವರೆಗೆ ಅಲ್ಲೇ ಇದ್ದರು. ಮಾರ್ಚ್ 5ರ ವಿಭೂತಿ ಬುಧವಾರ ಹಣೆಗೆ ವಿಭೂತಿ ಬಿದ್ದಿದ್ದು ಆಸ್ಪತ್ರೆಯ ಕೋಣೆಯಲ್ಲೇ. ಬಿಡುಗಡೆಯಾಗಿ ಬಂದ ಮೇಲೆ ವಿಶ್ರಾಂತಿ ತೆಗೆದುಕೊಳ್ಳಿ ಅಂತ ವೈದ್ಯರು ಹೇಳಿದ್ದರೂ, ಏಪ್ರಿಲ್ 17ರ ಪವಿತ್ರ ಗುರುವಾರ ರೆಜಿನಾ ಚೇಲಿ ಜೈಲಿಗೆ ಹೋದರು. ಹೆಚ್ಚಿನ ವರ್ಷಗಳಲ್ಲಿ ಆ ದಿನ ಕೈದಿಗಳ ಕಾಲು ತೊಳೆಯುವುದು ಅವರ ರೂಢಿ. ಈ ಸಲ ತೊಳೆಯೋಕೆ ಆಗೋಲ್ಲ, ಆದರೆ ನಿಮ್ಮ ಹತ್ತಿರ ಇರೋಕೆ ಆಗುತ್ತೆ ಅನ್ನುವ ಅರ್ಥದ ಮಾತು ಹೇಳಿ ಬಂದರು. ನಾಲ್ಕು ದಿನಕ್ಕೆ, ಈಸ್ಟರ್ ಮರುದಿನ, ತೀರಿಕೊಂಡರು. ಅದೇ ಅವರು ಮಾಡಿದ ಕಡೆಯ ಯಾತ್ರೆ ಅಂತ ನಾನು ಅಂದುಕೊಳ್ಳುತ್ತೇನೆ, ನೆನೆದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.

2025ರ ಜೂಬಿಲಿ ಘೋಷಿಸಿದ ಪತ್ರದಲ್ಲೇ ಅವರು ಬಡ ದೇಶಗಳ ಸಾಲ ಮನ್ನಾ ಮಾಡಿ, ಕೈದಿಗಳಿಗೆ ಕ್ಷಮಾದಾನ ಕೊಡಿ, ಮರಣದಂಡನೆ ನಿಲ್ಲಿಸಿ ಅಂತ ಸರ್ಕಾರಗಳನ್ನು ಕೇಳಿದ್ದರು. ಕ್ಯೂಬಾ ಸರ್ಕಾರ ಜೂಬಿಲಿಯ ಹೆಸರಿನಲ್ಲಿ 553 ಕೈದಿಗಳನ್ನು ಬಿಡುವುದಾಗಿ 2025ರ ಜನವರಿಯಲ್ಲಿ ಹೇಳಿತು. 2000ದ ಜೂಬಿಲಿಗೆ ಮುಂಚೆ ಪೋಪ್ 2ನೇ ಜಾನ್ ಪಾಲ್ ಕೂಡ ಇದನ್ನೇ ಕೇಳಿದ್ದರು, ಆಗ ಎದ್ದ ಜನರ ಒತ್ತಾಯಕ್ಕೆ ಮಣಿದು ಶ್ರೀಮಂತ ದೇಶಗಳು ಹಲವು ಬಡ ದೇಶಗಳ ಸಾಲದಲ್ಲಿ ಒಂದಷ್ಟನ್ನು ಬಿಟ್ಟವು. ದೊಡ್ಡವರು ಮಾಡಬೇಕಾದ್ದನ್ನು ಅವರು ಮಾಡಲಿ. ನಾವು ಮಾಡಬಹುದಾದ್ದೂ ಇತ್ತು. ರೋಮ್‌ಗೆ ಹೋಗಲಾಗದವರು ಏನು ಮಾಡಬೇಕು ಅಂತ 2024ರ ಮೇ ತಿಂಗಳಲ್ಲೇ ವ್ಯಾಟಿಕನ್ ನಿಯಮ ಹೊರಡಿಸಿತ್ತು. ಕಾಯಿಲೆಯವರನ್ನು, ಕೈದಿಗಳನ್ನು, ಒಂಟಿ ಮುದುಕರನ್ನು ಹೋಗಿ ನೋಡಿದರೆ ಅದೂ ಯಾತ್ರೆಯೇ, ಅವರಲ್ಲಿರುವ ಕ್ರಿಸ್ತನ ಬಳಿಗೆ ಹೋದ ಯಾತ್ರೆ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ವಾರಕ್ಕೆ ಒಂದು ದಿನವಾದರೂ ಮೊಬೈಲು, ಸಾಮಾಜಿಕ ಜಾಲತಾಣದ ಹರಟೆಯಿಂದ ದೂರ ಇದ್ದು, ಬೇಡದ ಖರ್ಚು ಬಿಟ್ಟು, ಉಳಿದ ಹಣ ಬಡವರಿಗೆ ಕೊಟ್ಟರೆ ಅದಕ್ಕೂ ರೋಮ್‌ಗೆ ಹೋದಷ್ಟೇ ಕೃಪೆ. ಈ ವಿಷಯ ಫಾದರ್‌ಗಳ ಎಷ್ಟು ಪ್ರವಚನಗಳಲ್ಲಿ ಬಂತು? ನಾನು ಕೇಳಿದ್ದು ಬಹಳ ಕಮ್ಮಿ. ಪ್ರವಾಸದ ಜಾಹೀರಾತು ಮಾತ್ರ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಂದು ಬರುತ್ತಿತ್ತು.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಜೂಬಿಲಿ ವರ್ಷ ಶುರುವಾದ ಅದೇ ದಿನಗಳಲ್ಲಿ, 2025ರ ಜನವರಿಯಲ್ಲಿ, ನಮ್ಮ ರಾಜ್ಯದಲ್ಲಿ ಮೈಕ್ರೊ ಫೈನಾನ್ಸ್ ಕಿರುಕುಳದ ಸುದ್ದಿ ದಿನಾ ಬರುತ್ತಿತ್ತು. ಚಾಮರಾಜನಗರದ ಕಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಕೆಲವರು ಜೀವವನ್ನೇ ಕಳೆದುಕೊಂಡರು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ನೋಂದಣಿ, ಪರವಾನಗಿ ಇಲ್ಲದವರು ಬಡವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿದ ಹಾಗೇ ಲೆಕ್ಕ ಅಂತ ಅದರಲ್ಲಿದೆ. ಓದಿದಾಗ ನನಗೆ ನೇರವಾಗಿ ಯಾಜಕಕಾಂಡ ನೆನಪಾಯಿತು. ಸರ್ಕಾರಕ್ಕೆ ಹೊಳೆದದ್ದು ಜೂಬಿಲಿ ಆಚರಿಸುತ್ತಿದ್ದ ನಮಗೆ ಯಾಕೆ ಹೊಳೆಯಲಿಲ್ಲ?

ವಿಭೂತಿ ಬುಧವಾರ ನಮ್ಮ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಕಂಡದ್ದನ್ನು ಹೇಳುತ್ತೇನೆ, ಹೆಸರು ಬೇಡ. ಹಿಂದಿನ ವರ್ಷದ ಗರಿಗಳ ಭಾನುವಾರ, ಅಂದರೆ ಈಸ್ಟರ್‌ಗೆ ಮುಂಚಿನ ಭಾನುವಾರ, ಹಂಚಿದ್ದ ಗರಿಗಳನ್ನು ಸುಟ್ಟ ಬೂದಿ, ಸಣ್ಣ ಬಟ್ಟಲಲ್ಲಿ. ಸಾಲಿನಲ್ಲಿ ಒಬ್ಬ ತಾಯಿ ನಿಂತಿದ್ದರು, ಮನೆಗೆಲಸ ಮಾಡುವವರು. ಮಗಳ ಹೆರಿಗೆಗೆ ಸಾಲ ತೆಗೆದು, ತಿಂಗಳಿಗೆ ನೂರಕ್ಕೆ ಐದರಂತೆ ಬಡ್ಡಿ ಕಟ್ಟುತ್ತಾ ಬಂದಿದ್ದಾರೆ. ಅಸಲು ಹಾಗೇ ಇದೆ. ಸಾಲ ಕೊಟ್ಟವರು ಅವರಿಂದ ನಾಲ್ಕು ಜನ ಹಿಂದೆ ಅದೇ ಸಾಲಿನಲ್ಲಿದ್ದರು. ಇಬ್ಬರ ಹಣೆಗೂ ಫಾದರ್ ಅದೇ ಬೂದಿಯಿಂದ ಶಿಲುಬೆ ಗುರುತು ಹಾಕಿದರು. ಹೊರಗೆ ಬಂದ ಮೇಲೆ ಆ ತಾಯಿ ಸೆರಗು ಮುಂದಕ್ಕೆ ಎಳೆದುಕೊಂಡು, ಹಿಂದೆ ನೋಡದೆ ಗೇಟಿನ ಕಡೆ ಬೇಗ ಬೇಗ ಹೋದರು. ಸಾಲ ಕೊಟ್ಟವರು ಕೆಟ್ಟವರೇನಲ್ಲ, ಶುಕ್ರವಾರ ಮಾಂಸ ಮುಟ್ಟುವುದಿಲ್ಲ, ಶಿಲುಬೆಯ ಹಾದಿಯ ಪ್ರಾರ್ಥನೆ ತಪ್ಪಿಸುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ ಅಂತ ಯಾರೂ ಅವರಿಗೆ ಹೇಳಿಲ್ಲ, ಅಷ್ಟೇ.

ಯೆಶಾಯ 58ನೇ ಅಧ್ಯಾಯದಲ್ಲಿ ಹೇಳಿಬಿಟ್ಟಿದ್ದಾನೆ. ಜನ ಉಪವಾಸ ಕೂತು, ನಾವು ಇಷ್ಟು ಕಷ್ಟಪಟ್ಟರೂ ದೇವರು ಯಾಕೆ ನೋಡುತ್ತಿಲ್ಲ ಅಂತ ಕೇಳುತ್ತಾರೆ. ಉಪವಾಸದ ದಿನವೇ ಕೂಲಿಯವರನ್ನು ಹಿಂಡುತ್ತೀರಲ್ಲ ಅನ್ನುವುದು ಉತ್ತರ. ಅನ್ಯಾಯದ ಕಟ್ಟು ಬಿಚ್ಚುವುದು, ನೊಗ ಮುರಿಯುವುದು, ಹಸಿದವನಿಗೆ ರೊಟ್ಟಿ ಹಂಚುವುದು, ಇದೇ ನನಗೆ ಬೇಕಾದ ಉಪವಾಸ ಅಂತ ದೇವರ ಮಾತು. ವಿಭೂತಿ ಬುಧವಾರದ ನಂತರದ ಶುಕ್ರವಾರ, ಶನಿವಾರ ಬಲಿಪೂಜೆಯಲ್ಲಿ (ಚರ್ಚಿನ ಪೂಜೆಯಲ್ಲಿ) ಓದುವ ವಾಚನವೇ ಇದು. ಹಾಗೆ ನೋಡಿದರೆ ಸಭೆಯ, ಅಂದರೆ ಕಥೋಲಿಕ ಚರ್ಚಿನ, ಉಪವಾಸದ ನಿಯಮ ತುಂಬಾ ಹಗುರ. 18 ತುಂಬಿದವರಿಂದ 59ರವರೆಗೆ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ, ಒಂದು ಪೂರ್ತಿ ಊಟ, ಎರಡು ಸಣ್ಣದು. ಶುಕ್ರವಾರಗಳಲ್ಲಿ ಮಾಂಸ ಇಲ್ಲ. ಇಷ್ಟು ಹಗುರ ಮಾಡಿದ್ದು ಯಾಕೆ? ಮಿಕ್ಕ ಭಾರವನ್ನು ನಾವೇ, ಬೇರೆಯವರ ಹೆಗಲಿಂದ ಇಳಿಸಿ ಹೊರಲಿ ಅಂತ. ನಾನು ಹಾಗೇ ತಿಳಿದುಕೊಂಡಿದ್ದೇನೆ. ಈ ವರ್ಷ ರಂಜಾನ್ ಉಪವಾಸವೂ ಹೆಚ್ಚುಕಮ್ಮಿ ಅದೇ ದಿನ ಶುರುವಾಯಿತು. ನಮ್ಮ ಬೀದಿಯ ಮುಸ್ಲಿಂ ಮನೆಗಳಲ್ಲಿ ಕೂತು ಲೆಕ್ಕ ಹಾಕಿ ಜಕಾತ್, ಅಂದರೆ ಬಡವರ ಪಾಲು, ತೆಗೆದಿಡುತ್ತಾರೆ, ಇಷ್ಟು ಅಂತ ಅಂಕಿ ಇಟ್ಟು. ನಾವು ಕಾಣಿಕೆ ಚೀಲಕ್ಕೆ ಕೈಗೆ ಸಿಕ್ಕಿದ್ದು ಹಾಕುತ್ತೇವೆ.

ಯಾತ್ರೆ ಬೇಡ ಅಂತ ನಾನು ಹೇಳುತ್ತಿಲ್ಲ. ಡೋರ್ನಹಳ್ಳಿಯ ಸಂತ ಅಂತೋಣಿಯವರ ಬಳಿಗೆ ಎಲ್ಲ ಜಾತಿ ಧರ್ಮದವರೂ ಬರುತ್ತಾರೆ, ಕಾರ್ಕಳದ ಅತ್ತೂರಿಗೆ, ಬೆಂಗಳೂರು ಶಿವಾಜಿನಗರದ ಮರಿಯಮ್ಮ ಮಾತೆಯ ಬಳಿಗೆ ಬರುತ್ತಾರೆ, ವೇಳಾಂಗಣಿಗೆ ಬೆಂಗಳೂರಿಂದ ನಡೆದೇ ಹೋಗುವವರಿದ್ದಾರೆ. ಕಾಲು ನೋಯಬೇಕು, ದಾರಿಯಲ್ಲಿ ಬೇರೆಯವರ ನೀರು ಕುಡಿಯಬೇಕು, ಆಗ ನಮ್ಮ ಗಟ್ಟಿತನ ಸ್ವಲ್ಪ ಕರಗುತ್ತದೆ. ರೋಮ್‌ನಲ್ಲಿ ತಪಸ್ಸು ಕಾಲದ ಒಂದು ಹಳೆಯ ಪದ್ಧತಿ ಇಂದಿಗೂ ಇದೆ. 40 ದಿನವೂ ದಿನಕ್ಕೊಂದು ದೇವಾಲಯ, ವಿಭೂತಿ ಬುಧವಾರ ಅವೆಂತಿನೋ ಗುಡ್ಡದ ಸಾಂತಾ ಸಬೀನಾದಿಂದ ಶುರು, ಬೆಳಿಗ್ಗೆ ಬೇಗ ಎದ್ದು ನಡೆದು ಹೋಗುತ್ತಾರೆ. ತಪಸ್ಸು ಕಾಲವೇ ಒಂದು ಯಾತ್ರೆ ಅನ್ನುವುದು ಅಲ್ಲಿ ಕಾಲಿಗೇ ಗೊತ್ತಾಗುತ್ತದೆ. ಇಲ್ಲಿ ನಾವು ದಿನಕ್ಕೊಂದು ಮನೆಗೆ ಹೋಗಬಹುದಲ್ವಾ?

"ಕಷ್ಟಪಟ್ಟು ದುಡಿದ ಹಣ, ಸುಮ್ನೆ ಬಿಡೋಕಾಗುತ್ತಾ" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದ ಸಾಮತಿಯಲ್ಲಿ (ನೀತಿಕಥೆಯಲ್ಲಿ) ರಾಜ ಒಬ್ಬ ಸೇವಕನ ಹತ್ತು ಸಾವಿರ ತಲೆಂತು (ಆ ಕಾಲದ ಭಾರೀ ಮೊತ್ತ) ಸಾಲ ಬಿಡುತ್ತಾನೆ, ಆ ಸೇವಕ ತನ್ನ ಜೊತೆಯವನ ನೂರು ದಿನಾರಿ ಸಾಲ ಬಿಡುವುದಿಲ್ಲ. ನೂರು ದಿನಾರಿ ಪುಡಿಗಾಸು ಅಂತ ಪ್ರವಚನಗಳಲ್ಲಿ ಹೇಳಿಬಿಡುತ್ತಾರೆ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ನೂರು ದಿನದ ಕೂಲಿ, ಇವತ್ತು ದಿನಕ್ಕೆ ಐನೂರು ಅಂತ ಹಿಡಿದರೂ ಐವತ್ತು ಸಾವಿರ. ಬಿಟ್ಟರೆ ನೋವಾಗುವ ಮೊತ್ತವೇ. ಯೇಸು ಕೇಳುತ್ತಿರುವುದು ಅಂಥದ್ದನ್ನೇ, ನಮ್ಮದು ಅದಕ್ಕಿಂತ ಎಷ್ಟೋ ದೊಡ್ಡ ಸಾಲ ಮನ್ನಾ ಆಗಿದೆ ಅನ್ನುವ ನೆನಪಿನ ಮೇಲೆ.

ಎಲ್ಲರೂ ಎಲ್ಲ ಸಾಲವನ್ನೂ ಬಿಡಿ ಅಂದರೆ ಯಾರೂ ಬಿಡುವುದಿಲ್ಲ, ನನಗೂ ಗೊತ್ತು. ಕೈಸಾಲ ಕೊಟ್ಟವರು ಒಬ್ಬರ ಸಾಲ ಬಿಡಲಿ. ಅಸಲು ಬಿಡಲು ಆಗದವರು ಬಡ್ಡಿ ನಿಲ್ಲಿಸಲಿ, ಇಲ್ಲಿವರೆಗೆ ಬಂದ ಬಡ್ಡಿಯನ್ನು ಅಸಲಿಗೆ ಜಮಾ ಹಿಡಿಯಲಿ. ಮನೆಗೆಲಸದವರಿಗೆ ಕೊಟ್ಟ ಅಡ್ವಾನ್ಸ್ ಅನ್ನು ತಿಂಗಳ ಸಂಬಳದಲ್ಲಿ ಮುರಿದುಕೊಳ್ಳುವುದನ್ನು ಈಸ್ಟರ್‌ಗೆ ಕೈಬಿಡಲಿ. ಒತ್ತೆ ಇಟ್ಟುಕೊಂಡ ರೇಷನ್ ಕಾರ್ಡು, ಪಾಸ್‌ಬುಕ್ಕು, ಮಕ್ಕಳ ಮಾರ್ಕ್ಸ್ ಕಾರ್ಡು ಯಾರ ಬೀರುವಿನಲ್ಲಿದ್ದರೂ ಅದನ್ನು ಇವತ್ತೇ ಕೊಟ್ಟುಬಿಡಿ, ಅದಕ್ಕೆ ಈಸ್ಟರ್ ತನಕ ಕಾಯಬೇಕಿಲ್ಲ. ಸಾಲ ಬಿಟ್ಟವರು ದಯವಿಟ್ಟು ಅದನ್ನು ಹೇಳಿಕೊಂಡು ತಿರುಗುವುದು ಬೇಡ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಅಂತ ವಿಭೂತಿ ಬುಧವಾರದ ಸುವಾರ್ತೆಯಲ್ಲೇ ಓದಿದ್ದೇವೆ. ಮತ್ತೆ, ಸಾಲ ಮಾಡಿದವರು ನಮ್ಮ ಸಭೆಯವರೋ ಅಲ್ಲವೋ ಅಂತ ನೋಡಬೇಡಿ. ನಜರೇತಿನವರು ಎಡವಿದ್ದು ಅಲ್ಲೇ.

ಧರ್ಮಕೇಂದ್ರಗಳು ಒಟ್ಟಾಗಿ ಮಾಡಬಹುದಾದ್ದೂ ಇದೆ. ತಪಸ್ಸು ಕಾಲದ ಕಾಣಿಕೆಯಲ್ಲಿ ಒಂದು ಪಾಲು ತೆಗೆದು, ಮೀಟರ್ ಬಡ್ಡಿಯಲ್ಲಿ ಸಿಕ್ಕಿಬಿದ್ದಿರುವ ಒಂದು ಮನೆಯ ಸಾಲ ತೀರಿಸಬಹುದು. ನಮ್ಮ ದೇಶದ ಜೈಲುಗಳಲ್ಲಿ ಇರುವವರಲ್ಲಿ ಹೆಚ್ಚುಕಮ್ಮಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಜಾಮೀನು ಸಿಕ್ಕಿದರೂ ಶ್ಯೂರಿಟಿಗೆ ಜನ ಇಲ್ಲದೆ, ಕಟ್ಟಲು ಹಣ ಇಲ್ಲದೆ ಒಳಗೇ ಉಳಿದವರಿದ್ದಾರೆ. ಕಥೋಲಿಕ ಸಭೆಯ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಸ್ವಯಂಸೇವಕರು ಜೈಲುಗಳಿಗೆ ಹೋಗಿ ಬರುತ್ತಿರುತ್ತಾರೆ, ಅಂಥವರನ್ನು ಕೇಳಿ ಒಬ್ಬರ ಜಾಮೀನಿಗೆ ಒಂದು ಧರ್ಮಕೇಂದ್ರ ನಿಲ್ಲಬಹುದು. ರೆಬಿಬ್ಬಿಯಾದ ಬಾಗಿಲನ್ನು ಟಿವಿಯಲ್ಲಿ ನೋಡಿ ಕಣ್ಣು ಒರೆಸಿಕೊಂಡವರು ನಾವೆಲ್ಲ. ಮೈಸೂರಲ್ಲೂ ಜೈಲಿದೆ.

ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿ ಸಭೆ ಗರಿಗಳ ಭಾನುವಾರಕ್ಕೆ ಮುಂಚೆ ಸೇರುತ್ತದೆ. ಈ ಎರಡು ವಿಷಯವನ್ನು ಅಲ್ಲಿ ಇಡುತ್ತೇನೆ. ಬೇರೆ ಊರುಗಳ ಸಮಿತಿಯವರೂ ತಮ್ಮ ಸಭೆಯಲ್ಲಿ ಇಡಲಿ ಅಂತ ಕೋರುತ್ತೇನೆ. ದಯವಿಟ್ಟು ಈ ಪತ್ರವನ್ನು ಅದಕ್ಕೆ ಮುಂಚೆ ಪ್ರಕಟಿಸಿ.

ಇತಿ ನಮಸ್ಕಾರಗಳೊಂದಿಗೆ,
ನಿಮ್ಮ ಪತ್ರಿಕೆಯ ಓದುಗ,
ಮೈಸೂರು